ಬೇಡಮ್ಮನನ್ನು ಒಂದೇ ಸಲ ಕೇಳಿದರು

ಆಸ್ಪತ್ರೆಗಳ ಹಾಸುಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಒಬ್ಬನಿಗೆ ಮಾತ್ರ, ಇಸ್ತ್ರಿ ವಿಭಾಗದ ಮೇಸ್ತ್ರಿಗೆ. ಅವನು ಅವಳ ಗಂಡನ ತಮ್ಮ. ಗಂಡ ತೀರಿಕೊಂಡ ಮೇಲೆ ಅವಳನ್ನು ಈ ದೇಶಕ್ಕೆ ಕರೆಸಿಕೊಂಡವನು, ಕೆಲಸಕ್ಕೆ ಹಚ್ಚಿದವನು, ತನ್ನ ಇಕ್ಕಟ್ಟಿನ ಮನೆಯ ಅಡುಗೆಕೋಣೆಯ ಮಗ್ಗುಲಲ್ಲಿ ಚಾಪೆ ಹಾಸುವಷ್ಟು ಜಾಗ ಬಿಟ್ಟುಕೊಟ್ಟವನು ಅವನೇ. "ಅತ್ತಿಗೇ, ದಿಂಬಿನ ಚೀಲ ಬಂತು" ಎಂದು ಅವನು ಆ ತುದಿಯಿಂದ ಕೂಗುವುದನ್ನು ಕೇಳಿ ಕೇಳಿ ನಾಲ್ಕು ದೇಶಗಳ ಕೆಲಸಗಾರರಿಗೂ ಅದೇ ಬಾಯಿಗೆ ಬಂತು. ಒಣಗಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ ಬೇರೆ ದೇಶದ ಮುದುಕನನ್ನು ಎಲ್ಲರೂ ತಾತ ಅನ್ನುತ್ತಿದ್ದರು. ಆ ತಾತನೂ ಅವಳನ್ನು ಅತ್ತಿಗೆ ಅನ್ನುತ್ತಿದ್ದ. ಹಾಗೆಂದರೆ ಏನೆಂದು ಯಾರೋ ಬಿಡಿಸಿ ಹೇಳಿದಾಗ, "ಆಗಲಿ ಬಿಡಿ, ಈ ವಯಸ್ಸಲ್ಲಿ ನನಗೊಬ್ಬ ಅಣ್ಣ ಸಿಕ್ಕಂಗಾಯ್ತು" ಎಂದಿದ್ದ.

ಊಟದ ಕೋಣೆಗೆ ಕಿಟಕಿ ಇರಲಿಲ್ಲ. ನೋಡಲು ಹೊರಗೇನೂ ಕಾಣದಿದ್ದರಿಂದ ಜನ ಒಬ್ಬರನ್ನೊಬ್ಬರು ನೋಡಿಕೊಂಡು ಊಟ ಮಾಡುತ್ತಿದ್ದರು. ಹಾಗೆ ನೋಡುತ್ತ ನೋಡುತ್ತಲೇ ಆ ಮಾತು ಶುರುವಾದದ್ದು. ನಿಮ್ಮಲ್ಲಿ ಹೀಗಾ, ನಮ್ಮಲ್ಲಿ ಹಾಗೆ. ತಾತನ ದೇಶದಲ್ಲಿ ನೆಂಟರ ಮನೆಯಲ್ಲಿ ತಟ್ಟೆ ಖಾಲಿ ಮಾಡಿದರೆ ಮನೆಯವರ ಮುಖ ಸಪ್ಪಗಾಗುತ್ತದಂತೆ, ಬಡಿಸಿದ್ದು ಸಾಲಲಿಲ್ಲ ಎಂದ ಹಾಗೆ. ಅತ್ತಿಗೆಯ ಕಡೆ ತಟ್ಟೆಯಲ್ಲಿ ಬಿಟ್ಟರೆ ಅವಮಾನ. "ಹಂಗಾದ್ರೆ ನಾನು ನಿಮ್ಮ ಮನೆಗೆ ಬಂದ್ರೆ ಇಬ್ಬರಿಗೂ ಹೊಡೆದಾಟ" ಎಂದು ತಾತ ನಕ್ಕಿದ್ದ. ಮನೆಯವರಿಗೆ ಥ್ಯಾಂಕ್ಸ್ ಹೇಳುವುದು ಒಬ್ಬರಿಗೆ ಮರ್ಯಾದೆಯಾದರೆ ಇನ್ನೊಬ್ಬರಿಗೆ ಹೊರಗಿನವರ ಲೆಕ್ಕಕ್ಕೆ ಸೇರಿಸಿದ ಹಾಗೆ. ಬೆರಳೆಣಿಸುವಾಗ ಕೆಲವರು ಹೆಬ್ಬೆರಳಿನಿಂದ ಶುರು ಮಾಡುತ್ತಿದ್ದರು, ಕೆಲವರು ಕಿರುಬೆರಳಿನಿಂದ. ಇದನ್ನು ಕಂಡುಹಿಡಿದ ದಿನ ಊಟದ ಹೊತ್ತು ಮುಗಿಯುವವರೆಗೂ ಎಲ್ಲರೂ ಬೆರಳು ಮಡಚಿ ಬಿಚ್ಚಿ ಚಿಕ್ಕ ಮಕ್ಕಳ ಹಾಗೆ ಕೂತಿದ್ದರು. ದಿನವಿಡೀ ಯಾರೋ ಉಚ್ಚೆ ಹೊಯ್ದ, ರಕ್ತ ಕಾರಿದ, ಸತ್ತ ಬಟ್ಟೆಗಳನ್ನು ಎತ್ತುವ ಕೈಗಳು ಅವು. ಅಷ್ಟು ಹೊತ್ತಾದರೂ ಆ ಕೈಗಳಿಗೆ ಒಂದು ದೇಶ, ಒಂದು ಮನೆ, ಒಬ್ಬ ಅಮ್ಮ ಇರುತ್ತಿದ್ದರು.

ಆ ಮೇಜಿನಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನವಳು ಬೇಡಮ್ಮ. ಚಿಕ್ಕ ವಯಸ್ಸಿನ ಹೆಂಗಸು, ತೆಳ್ಳಗಿನ ಕೊರಳು. ಹೆಸರು ಬೇರೆ ಏನೋ ಇತ್ತು, ಯಾರ ನಾಲಿಗೆಗೂ ಹತ್ತಲಿಲ್ಲ. ಏನು ಕೊಟ್ಟರೂ ಬೇಡ ಅನ್ನುತ್ತಿದ್ದಳಾದ್ದರಿಂದ ಬೇಡಮ್ಮ. ಅವಳ ದೇಶದ ರೂಢಿಯೇ ಅದು. ಕೊಟ್ಟದ್ದನ್ನು ಮೊದಲ ಸಲಕ್ಕೆ ಬೇಡ ಅನ್ನಬೇಕು, ಎರಡನೇ ಸಲಕ್ಕೂ ಬೇಡ ಅನ್ನಬೇಕು, ಮೂರನೇ ಸಲ ಕೇಳಿದರೆ ಮಾತ್ರ ಕೈ ಚಾಚಬೇಕು. ಕೊಡುವವರೂ ಮೂರು ಸಲ ಕೇಳಬೇಕು. ಕೇಳದಿದ್ದರೆ ಕೊಡುವ ಮನಸ್ಸಿಲ್ಲ ಎಂದು ಅರ್ಥ.

"ಮೊದಲನೇ ಸಲವೇ ಹೂಂ ಅನ್ನೇ, ಇದು ನಿಮ್ಮೂರಲ್ಲ" ಎಂದು ಅತ್ತಿಗೆ ಎಷ್ಟು ಬೈದರೂ ಅವಳು ತಲೆ ತಗ್ಗಿಸಿ ನಗುತ್ತಿದ್ದಳು.

"ನಾಲಿಗೆ ಹೊರಳಲ್ಲ ಅತ್ತಿಗೆ. ಹೂಂ ಅಂದ್ರೆ ನಮ್ಮಮ್ಮ ಅಲ್ಲಿಂದಲೇ ತಲೆ ಮೇಲೆ ಮೊಟಕಿದ ಹಂಗಾಗುತ್ತೆ."

ಅತ್ತಿಗೆ ಅದಕ್ಕೊಂದು ಉಪಾಯ ಮಾಡಿದ್ದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಿಡಿದು, "ಕುಡೀತೀಯಾ ಕುಡೀತೀಯಾ ಕುಡೀತೀಯಾ" ಎಂದು ಒಂದೇ ಉಸಿರಿಗೆ ಕೇಳಿಬಿಡುವುದು. "ಹೀಗೆ ಒಟ್ಟಿಗೆ ಕೇಳಿದ್ರೆ ಲೆಕ್ಕಕ್ಕಿಲ್ಲ" ಎನ್ನುತ್ತಲೇ ಬೇಡಮ್ಮ ಕುಡಿಯುತ್ತಿದ್ದಳು.

ಮೇಸ್ತ್ರಿಯ ಆಟ ಬೇರೆ. ಅವನು ಕಿತ್ತಳೆಯ ತೊಳೆಯೊಂದನ್ನು ಬಿಡಿಸಿ ಅವಳ ಮುಂದೆ ಹಿಡಿಯುತ್ತಿದ್ದ. "ಬೇಕಾ?" "ಬೇಡ." ತಕ್ಷಣ ಅದು ಅವನ ಬಾಯೊಳಗೆ. ಅವಳು ಎರಡನೇ ಪ್ರಶ್ನೆಗೆ ಸಿದ್ಧವಾಗಿ ಕೂತವಳು ಪೆಚ್ಚಾಗಿ ಅವನ ಬಾಯನ್ನೇ ನೋಡುತ್ತಿದ್ದಳು. ಮೇಜಿಗೆ ಮೇಜೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಿತ್ತು. ಬೇಡಮ್ಮನೂ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಅತ್ತಿಗೆಯೂ ನಕ್ಕಿದ್ದಳು.

ಆಗಿನ್ನೂ ಕಾರ್ಖಾನೆಯಲ್ಲಿ ಗಂಟೆ ಇತ್ತು. ಬೆಳಿಗ್ಗೆಯ ಪಾಳಿಯ ನಡುವೆ ಒಮ್ಮೆ, ಮಧ್ಯಾಹ್ನದ ನಡುವೆ ಒಮ್ಮೆ ಗಂಟೆ ಹೊಡೆದರೆ ಇಸ್ತ್ರಿಯ ರೋಲರುಗಳು ನಿಲ್ಲುತ್ತಿದ್ದವು. ಜನ ಕಟ್ಟಡದ ಪಕ್ಕದ ಓಣಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನೀರು ಕುಡಿಯುತ್ತಿದ್ದರು. ಒಂದು ದಿನ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದ. ನಮ್ಮಲ್ಲಿ ಇಷ್ಟು ದೇಶಗಳ ಜನರಿದ್ದೀರಿ, ಒಬ್ಬೊಬ್ಬರ ದೇಹ ಒಂದೊಂದು ಥರ, ಒಬ್ಬೊಬ್ಬರ ರೂಢಿ ಒಂದೊಂದು ಥರ, ಎಲ್ಲರನ್ನೂ ಒಂದೇ ಗಂಟೆಗೆ ಕಟ್ಟಿಹಾಕುವುದು ದಬ್ಬಾಳಿಕೆಯಾಗುತ್ತದೆ ಎಂದ. ಇನ್ನು ಮೇಲೆ ಗಂಟೆ ಇಲ್ಲ. ಮೇಸ್ತ್ರಿ ಸುತ್ತು ಬಂದು ಒಬ್ಬೊಬ್ಬರನ್ನೂ ಕೇಳುತ್ತಾನೆ, ಬೇಕಾದವರು ವಿಶ್ರಾಂತಿ ತೆಗೆದುಕೊಳ್ಳಬಹುದು. ಇದು ಸ್ವಾತಂತ್ರ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವ ರೂಢಿ ಮಾತ್ರ ಎಲ್ಲ ದೇಶಗಳಲ್ಲೂ ಒಂದೇ.

ಸ್ವಾತಂತ್ರ್ಯದ ಬಣ್ಣ ವಾರ ತುಂಬುವುದರೊಳಗೆ ಬಯಲಾಯಿತು. ತಾತ ಕೇಳಿದ ಕೂಡಲೇ "ಬೇಕು" ಎಂದು ಹೊರಟುಬಿಡುತ್ತಿದ್ದ. ಅವನ ಕಡೆ ಅದರಲ್ಲಿ ನಾಚಿಕೆಯೇನಿಲ್ಲ. ಅತ್ತಿಗೆಯ ಕಡೆಯವರು ಪಕ್ಕದವರ ಮುಖ ನೋಡಿ, ಅವರು ಹೋದರೆ ತಾವೂ ಹೋಗುತ್ತಿದ್ದರು. ಬೇಡಮ್ಮನೂ ಸೇರಿ ಅವಳ ಕಡೆಯ ನಾಲ್ವರು ಹೆಂಗಸರು ಮಾತ್ರ ಹೋಗಲೇ ಇಲ್ಲ. ಮೇಸ್ತ್ರಿ ಕೇಳುತ್ತಿದ್ದ, ಅವರು ಬೇಡ ಅನ್ನುತ್ತಿದ್ದರು, ಅವನು ಮುಂದೆ ಹೋಗುತ್ತಿದ್ದ. ಮ್ಯಾನೇಜರಿನ ಕಣ್ಣಿಗೆ ಅದು ಬಿತ್ತು. ಈ ದೇಶದವರು ಉಕ್ಕಿನಂಥವರು ಎಂದು ಹೊಗಳಿದ. ಹೊಗಳಿ, ನಾಲ್ವರನ್ನೂ ರೋಲರಿನ ಬಾಯಿಗೆ ಹಾಕಿದ.

ರೋಲರಿನ ಬಾಯಿ ಎಂದರೆ ಒದ್ದೆ ಹಾಸುಬಟ್ಟೆಯ ಎರಡು ಮೂಲೆಗಳನ್ನು ಹಿಡಿದು ಕಾದ ಉರುಳೆಗಳ ನಡುವೆ ತಳ್ಳುವ ಜಾಗ. ತಳ್ಳಿದ ಪ್ರತಿ ಸಲವೂ ಬುಸ್ಸೆಂದು ಹಬೆ ಎದ್ದು ಮುಖಕ್ಕೆ ಬಡಿಯುತ್ತದೆ. ಹಬೆ ಎಳೆಯಲು ಮೇಲೊಂದು ದೊಡ್ಡ ಫ್ಯಾನು ಇತ್ತು, ಅದು ಕೆಟ್ಟು ನಿಂತಿತ್ತು. ಬೇಸಿಗೆ. ಅತ್ತಿಗೆ ಅದೇ ರೋಲರಿನ ಆಚೆ ತುದಿಯಲ್ಲಿ, ಬಟ್ಟೆ ಹೊರಬರುವಲ್ಲಿ ಮಡಚುತ್ತಿದ್ದಳು. ಅವತ್ತು ಮಧ್ಯಾಹ್ನ ಮೇಸ್ತ್ರಿ ಬೇಡಮ್ಮನ ಹತ್ತಿರ ಬಂದು ನಿಂತದ್ದು ಅವಳಿಗೆ ಹಬೆಯ ನಡುವೆ ಕಂಡಿತು. ಬೇಡಮ್ಮನ ಮುಖ ಕೆಂಪು ದಾಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅವನು ಏನೋ ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಅವನು ಹೊರಟ. ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಳು, ಅವನು ತಿರುಗುತ್ತಾನೇನೋ ಎಂಬಂತೆ. ಆಮೇಲೆ ಬಂದ ಹಾಸುಬಟ್ಟೆ ಸೊಟ್ಟಗೆ ಬಂತು. ಅದರ ಹಿಂದೆ ಒಂದು ಮೂಲೆ ಮಾತ್ರ ಬಂತು. ಅದರ ಹಿಂದೆ ಏನೂ ಬರಲಿಲ್ಲ.

ಓಣಿಗೆ ಎತ್ತಿ ತಂದು ಮಲಗಿಸಿದರು. ಮೇಸ್ತ್ರಿ ದಿಂಬಿನ ಚೀಲದಿಂದ ಗಾಳಿ ಹಾಕಿದ. ಆಸ್ಪತ್ರೆಯ ವಾಹನ ಬರುವಷ್ಟರಲ್ಲಿ ಅವಳ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಅವಳು ದಾರಿಯಲ್ಲೇ ಹೋದಳು. ಉರುಳೆಯಲ್ಲಿ ಸಿಕ್ಕಿಕೊಂಡ ಬಟ್ಟೆ ಸುಟ್ಟು ವಾಸನೆ ಬರುತ್ತಿತ್ತು, ಅದನ್ನು ಬಿಡಿಸುವಷ್ಟು ಹೊತ್ತು ಯಂತ್ರ ನಿಂತಿತು. ಬಟ್ಟೆಗಾಗಿ ನಿಂತದ್ದು.

ಕಂಪನಿ ಹೇಳಿದ್ದು ಇಷ್ಟು. ವಿಶ್ರಾಂತಿ ಬೇಕೇ ಎಂದು ಕೇಳಲಾಗಿತ್ತು, ಆಕೆಯೇ ಬೇಡವೆಂದಳು.

ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬ ವಿಚಾರಣೆಗೆ ಬರುತ್ತಾನೆಂದು ಸುದ್ದಿಯಾಯಿತು. ಸಾವು ಕಾರ್ಖಾನೆಯ ತಪ್ಪಿನಿಂದಾದದ್ದೋ ಅವಳ ಹಟದಿಂದಾದದ್ದೋ ಎಂದು ಅವನು ತೀರ್ಮಾನಿಸಬೇಕು. ಹಟವೆಂದಾದರೆ ಬೇಡಮ್ಮನ ತಾಯಿಗೆ ಮಗಳ ಹೆಣದ ಜೊತೆ ಅದೊಂದು ಮಾತೂ ತಲುಪುತ್ತದೆ, ಅವಳ ಕಡೆಯ ಉಳಿದ ಮೂವರು ಅದೇ ರೋಲರಿನ ಬಾಯಲ್ಲೇ ನಿಲ್ಲುತ್ತಾರೆ. ಆ ಮೂವರೂ ಸಾಕ್ಷಿ ಹೇಳಲು ಹೆದರಿದರು. ಕೊನೆಗೆ ನೋಡಿದವಳೆಂದು ಉಳಿದದ್ದು ಅತ್ತಿಗೆ.

ವಿಚಾರಣೆಯ ಬೆಳಿಗ್ಗೆ ಅಡುಗೆಕೋಣೆಯಲ್ಲಿ ಮೈದುನ ಅವಳ ಎದುರು ಕೂತ. ಅವನ ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಿವಿ ಮಾತ್ರ ಇತ್ತಲೇ ಇತ್ತು.

"ನಿಮಗೆ ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ ಅತ್ತಿಗೆ. ನಾನು ಕೇಳಿದೆ, ಅವಳು ಬೇಡ ಅಂದ್ಲು. ನೀವು ನೋಡಿದ್ದೂ ಅಷ್ಟೇ ತಾನೆ? ಅಷ್ಟು ಹೇಳಿ ಬಂದುಬಿಡಿ."

"ಕಿತ್ತಳೆ ಆಟ?"

"ಅದು ಆಟ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅವಳು ಮೂರನೇ ಸಲಕ್ಕೆ ಹೂಂ ಅನ್ನೋಳು ಅಂತ ನಿನಗೆ ಗೊತ್ತಿತ್ತೋ ಇಲ್ವೋ?"

ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ.

"ಗೊತ್ತಿತ್ತು. ಮ್ಯಾನೇಜರಿಗೂ ಗೊತ್ತಿತ್ತು. ನಾನೇ ಒಂದಿನ ತಮಾಷೆಗೆ ಹೇಳಿದ್ದೆ. ಅವರೂ ನಕ್ಕರು. ಒಂದೇ ಸಲ ಕೇಳು ಅಂದ್ರು. ಎರಡನೇ ಸಲ ಕೇಳಿದ್ರೆ ಒತ್ತಾಯ ಮಾಡಿದ ಹಂಗಾಗುತ್ತೆ, ಅದು ನಿಯಮ ಅಲ್ಲ ಅಂದ್ರು."

ಇದುವರೆಗೆ ಅತ್ತಿಗೆ ಮೈದುನನ ಉಡಾಫೆಯನ್ನು ಮಾತ್ರ ಶಪಿಸುತ್ತಿದ್ದಳು. ಈಗ ನೋಡಿದರೆ ಅದರ ಹಿಂದೊಂದು ಬುದ್ಧಿ ಕೂತಿತ್ತು. ಯಾವ ದೇಶದವರು ಹೇಗೆ, ಯಾರು ಬೇಡ ಅನ್ನುತ್ತಾರೆ, ಯಾರು ಎದುರಾಡುವುದಿಲ್ಲ ಎಂದು ಇವರು ಮೇಜಿನ ಮೇಲೆ ಹರಡಿಕೊಂಡು ನಗುತ್ತಿದ್ದುದನ್ನೆಲ್ಲ ಒಬ್ಬ ಆರಿಸಿಕೊಂಡು ಹೋಗಿ ಕೆಲಸಕ್ಕೆ ಹಚ್ಚಿದ್ದ.

"ಇದನ್ನ ನೀನು ಅಲ್ಲಿ ಹೇಳು" ಎಂದಳು. "ನೀನು ಹೇಳಿದ್ರೆ ತಪ್ಪು ಎಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತೆ."

ಒಲೆಯ ಕಡೆಯಿಂದ ಓರಗಿತ್ತಿ ತಿರುಗದೆಯೇ ಹೇಳಿದಳು. "ಹೇಳಿ ಕೆಲಸ ಹೋದ್ರೆ ಈ ಮನೆ ಬಾಡಿಗೆ ನೀವು ಕಟ್ತೀರಾ ಅಕ್ಕ? ಸತ್ತವಳು ನಮಗೇನು ನೆಂಟಳಾ?"

ವಿಚಾರಣೆ ನಡೆದದ್ದು ಆಫೀಸಿನ ಮೇಲಂತಸ್ತಿನ ತಣ್ಣನೆಯ ಕೋಣೆಯಲ್ಲಿ. ಅಲ್ಲಿಯ ತಂಪಿಗೆ ಅತ್ತಿಗೆಯ ಮೈ ಜುಮ್ಮೆಂದಿತು. ಈ ಕಟ್ಟಡದಲ್ಲಿ ಇಂಥದ್ದೊಂದು ಗಾಳಿಯೂ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅಧಿಕಾರಿ, ಕಂಪನಿಯ ವಕೀಲ, ಮ್ಯಾನೇಜರ್ ಒಂದು ಕಡೆ. ಅವಳು, ಮೈದುನ ಇನ್ನೊಂದು ಕಡೆ.

ಅವಳು ನೋಡಿದ್ದನ್ನು ಹೇಳಿದಳು. ಮೂರು ಸಲದ ರೂಢಿಯನ್ನು ಹೇಳಿದಳು. ಕಿತ್ತಳೆಯ ಆಟವನ್ನೂ ಹೇಳಿದಳು, ಮೈದುನನ ಕಡೆ ನೋಡದೆ. ವಕೀಲ ಅಡ್ಡ ಬರಲಿಲ್ಲ, ಹೂಂಗುಟ್ಟುತ್ತ ಕೇಳಿಸಿಕೊಂಡ. ಅವಳು ಹೇಳಿದಷ್ಟೂ ಅವನ ಮುಖ ಅರಳುತ್ತ ಹೋಯಿತು.

"ಹಾಗಾದರೆ ಬೇಡ ಅನ್ನುವುದು ಆಕೆಯ ಸಂಸ್ಕೃತಿ" ಎಂದ.

"ಮೊದಲನೇ ಸಲ ಬೇಡ ಅನ್ನೋದು."

"ಅದನ್ನೇ ಹೇಳಿದೆ. ಕಂಪನಿ ಎಲ್ಲರ ಸಂಸ್ಕೃತಿಯನ್ನೂ ಗೌರವಿಸುತ್ತದೆ. ಬೇಡ ಅಂದವರನ್ನು ಎಳೆದುಕೊಂಡು ಹೋಗಿ ಕೂರಿಸಲು ಆಗುತ್ತದೆಯೇ? ನೀವು ಮೂರು ಸಲ ಅನ್ನುತ್ತೀರಿ. ಐದು ಸಲ ಕೇಳಬೇಕಾದ ದೇಶವೂ ಇರಬಹುದು. ಕಾರ್ಖಾನೆ ನಡೆಯಬೇಕಲ್ಲಮ್ಮ."

"ಮೊದಲು ಗಂಟೆ ಹೊಡೀತಿತ್ತು ಸ್ವಾಮಿ. ಗಂಟೆ ಯಾರನ್ನೂ ಕೇಳ್ತಿರ್ಲಿಲ್ಲ."

"ಗಂಟೆಯ ವಿಷಯ ಇವತ್ತಿನ ವಿಚಾರಣೆಯಲ್ಲಿ ಬರುವುದಿಲ್ಲ" ಎಂದ ಅಧಿಕಾರಿ.

ವಕೀಲ ಮೆಲ್ಲಗೆ ಕೇಳಿದ. "ಈ ಕಿತ್ತಳೆಯ ಆಟ ನಡೆಯುವಾಗ ನೀವು ಏನು ಮಾಡುತ್ತಿದ್ದಿರಿ?"

"ನಗ್ತಿದ್ದೆ."

"ಸತ್ತವರು?"

"ಅವಳೂ ನಗ್ತಿದ್ಲು."

"ನೋಡಿ" ಎಂದು ಅವನು ಅಧಿಕಾರಿಯ ಕಡೆ ಕೈ ಚಾಚಿದ. ಎಲ್ಲರೂ ನಕ್ಕಿದ್ದಾರೆ, ಇದರಲ್ಲಿ ಯಾರದ್ದು ತಪ್ಪು ಎಂಬಂತೆ.

ಅತ್ತಿಗೆಯ ಕೈಯಲ್ಲಿ ಇನ್ನೊಂದೇ ಮಾತು ಉಳಿದಿತ್ತು. ಅದನ್ನೂ ಹೇಳಿದಳು. ಒಂದೇ ಸಲ ಕೇಳು ಎಂದು ಮ್ಯಾನೇಜರೇ ಮೇಸ್ತ್ರಿಗೆ ಹೇಳಿಕೊಟ್ಟಿದ್ದರು, ಮೂರು ಸಲದ ರೂಢಿ ಗೊತ್ತಿದ್ದೇ ಹೇಳಿಕೊಟ್ಟಿದ್ದರು. ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮೇಸ್ತ್ರಿಯನ್ನು ನೋಡಿದ. ಬೆದರಿಸುವ ನೋಟವಲ್ಲ, ಮನೆಯ ಹುಡುಗನನ್ನು ನೋಡುವಂಥ ನೋಟ.

"ಹೌದಾ ಮೇಸ್ತ್ರಿ?" ಎಂದು ಅಧಿಕಾರಿ ಕೇಳಿದ.

ಮೈದುನ ತನ್ನ ಮೊಣಕಾಲುಗಳನ್ನು ನೋಡುತ್ತಿದ್ದ. "ಇಲ್ಲ."

"ಮತ್ತೆ ಇವರು ಹೇಳುತ್ತಿರುವುದು?"

"ಅತ್ತಿಗೆಗೆ ಅವಳು ಅಂದ್ರೆ ತುಂಬ ಅಕ್ಕರೆ. ಸಂಕಟದಲ್ಲಿ ನಾನು ಏನೋ ಹೇಳಿದ್ದು ಏನೋ ಆಗಿ ಕೇಳಿಸಿರಬೇಕು."

ತೀರ್ಮಾನ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ನಿಯಮದ ಪ್ರಕಾರ ಕೇಳಲಾಗಿತ್ತು, ಆಕೆ ನಿರಾಕರಿಸಿದ್ದಳು. ಬೇರೆ ಬೇರೆ ದೇಶಗಳ ರೂಢಿಗಳ ನಡುವಿನ ಅಂತರದಿಂದಾದ ವಿಷಾದಕರ ಘಟನೆ. ಕಾರ್ಖಾನೆಯ ತಪ್ಪಿಲ್ಲ. ಒಬ್ಬ ಹೆಂಗಸನ್ನು ಹಬೆಯಲ್ಲಿ ಬೇಯಿಸಿ ಕೊಂದು, ಅದಕ್ಕೆ ಅಂತರ ಎಂದು ಹೆಸರಿಟ್ಟರು. ಆ ಅಂತರವನ್ನು ಬಲ್ಲವರೇ ಅದನ್ನು ಅಳೆದು, ಅದರೊಳಕ್ಕೆ ಅವಳನ್ನು ತಳ್ಳಿದ್ದರೆಂಬುದು ಎಲ್ಲಿಯೂ ಬರಲಿಲ್ಲ.

ತಪ್ಪಿತಸ್ಥ ಮಾತ್ರ ಒಬ್ಬ ಸಿಕ್ಕಿದ್ದ. ಕಂಪನಿ ಮಾರನೆಯ ದಿನವೇ ಮೇಸ್ತ್ರಿಯನ್ನು ಕೆಲಸದಿಂದ ತೆಗೆಯಿತು. ಬೇಡಮ್ಮನ ಸಾವಿಗಲ್ಲ, ಸಹೋದ್ಯೋಗಿಯ ಸಂಸ್ಕೃತಿಯನ್ನು ಗೇಲಿ ಮಾಡಿದ್ದಕ್ಕೆ. ಕಿತ್ತಳೆಯ ಆಟ ಆಡಿದ್ದಕ್ಕೆ.

ಅವತ್ತು ಅತ್ತಿಗೆ ಪಾಳಿ ಮುಗಿಸಿ ಮನೆಗೆ ಬಂದಾಗ ಅವಳ ಬಟ್ಟೆಯ ಗಂಟು ಬಾಗಿಲ ಹೊರಗಿತ್ತು. ಓರಗಿತ್ತಿ ಹೊಸ್ತಿಲಲ್ಲಿ ನಿಂತಿದ್ದಳು.

"ಕೈ ಹಿಡಿದು ಮೇಲೆತ್ತಿದವನನ್ನೇ ಹಳ್ಳಕ್ಕೆ ತಳ್ಳಿದ್ರಲ್ಲ ಅಕ್ಕ. ನಿಮ್ಮ ನಿಜ ನಿಮ್ಮ ಹೊಟ್ಟೆ ತುಂಬಿಸಲಿ."

ಒಳಗಿನಿಂದ ಮೈದುನ ಬಂದ. ಮುಖ ಕ್ಷೌರ ಕಾಣದೆ ಕಪ್ಪಿಟ್ಟಿತ್ತು. ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲ ಮೇಲೆ ಕುಸಿದು ಕೂತ.

"ಇವತ್ತು ಆ ಅಧಿಕಾರಿ ಹತ್ರ ಹೋಗಿದ್ದೆ ಅತ್ತಿಗೆ" ಎಂದ. "ಎಲ್ಲಾ ಹೇಳ್ತೀನಿ, ಮ್ಯಾನೇಜರ್ ಹೇಳಿಕೊಟ್ಟಿದ್ದನ್ನೂ ಹೇಳ್ತೀನಿ ಅಂದೆ. ನಕ್ಕುಬಿಟ್ಟ. ಕೆಲಸ ಇದ್ದಾಗ ಇಲ್ಲ ಅಂದೆ, ಕೆಲಸ ಹೋದ ಮೇಲೆ ಹೌದು ಅಂತೀಯ, ಯಾವುದನ್ನಯ್ಯ ನಂಬೋದು ಅಂದ. ಮುಗಿದುಹೋಯ್ತಂತೆ."

ಅತ್ತಿಗೆಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಗಂಡನ ಮುಖವೇ ಅವನದು, ಅದೇ ಹಣೆ, ಅದೇ ಕಿವಿ. ಆ ಕೋಣೆಯಲ್ಲಿ ಒಂದು ಹೌದು ಅಂದಿದ್ದರೆ ಸಾಕಾಗಿತ್ತು. ಯಾರನ್ನು ಉಳಿಸಲು ಇಲ್ಲ ಅಂದನೋ ಅವನೇ ಇವನನ್ನು ಒದ್ದು ಹೊರಗೆ ಹಾಕಿದ್ದ. ಆದರೂ ಎದುರಿಗೆ ಕೂತಿದ್ದದ್ದು ಕೊಂದವನಲ್ಲ, ಕೊಲ್ಲುವವರ ಕೈಗೆ ಪುಕ್ಕಟೆ ಸಿಕ್ಕ ಕೈಗವಸು. ಬೆರಳುಗಳು ಬೇರೆಯವರದ್ದು.

"ಅಧಿಕಾರಿಗೆ ಮುಗೀತು" ಎಂದಳು. "ನಾಳೆ ಪಾಳಿ ಬದಲಾಗೋ ಹೊತ್ತಿಗೆ ಗೇಟಿನ ಹತ್ರ ಬಾ. ಅಲ್ಲಿ ಹೇಳು."

"ಅಲ್ಲಿ ಹೇಳಿ ಏನು ಬರುತ್ತೆ?"

"ಏನೂ ಬರದೆ ಇರಬಹುದು. ಬಾ."

ಆ ರಾತ್ರಿ ಅವಳು ತಾತನ ಮಗಳ ಮನೆಯಲ್ಲಿ ತಂಗಿದಳು.

ಮಾರನೆಯ ಮಧ್ಯಾಹ್ನ ಗೇಟಿನ ಮುಂದೆ ಬಿಸಿಲು ಕಾಯುತ್ತಿತ್ತು. ಬೆಳಗಿನ ಪಾಳಿಯವರು ಹೊರಬರುತ್ತಿದ್ದರು, ಮಧ್ಯಾಹ್ನದವರು ಒಳಗೆ ಹೋಗಲು ಬಂದಿದ್ದರು. ಮೈದುನ ಬಂದ. ಅವನನ್ನು ಕಂಡು ಕೆಲವರು ಮುಖ ತಿರುಗಿಸಿದರು. ಬೇಡಮ್ಮನ ಕಡೆಯ ಮೂವರು ಹೆಂಗಸರು ಮಧ್ಯಾಹ್ನದ ಪಾಳಿಗೆ ಒಟ್ಟಿಗೆ ಬರುತ್ತಿದ್ದವರು ಅಲ್ಲೇ ನಿಂತರು. ಅತ್ತಿಗೆ ಅವನ ತೋಳು ಹಿಡಿದು ಅವರ ಮುಂದೆ ತಂದು ನಿಲ್ಲಿಸಿದಳು.

ಅವನು ಹೇಳಿದ. ಚೆನ್ನಾಗೇನೂ ಹೇಳಲಿಲ್ಲ. ನಿಮ್ಮ ರೂಢಿ ಅವರಿಗೆ ಗೊತ್ತಿತ್ತು, ನಾನೇ ಹೇಳಿದ್ದೆ, ಅದಕ್ಕೇ ನಿಮ್ಮನ್ನು ರೋಲರಿನ ಬಾಯಿಗೆ ಹಾಕಿದ್ದು, ಒಂದೇ ಸಲ ಕೇಳು ಅಂದದ್ದು ಅವರು, ಕೇಳಿದ್ದು ನಾನು. ಜನ ಸುತ್ತ ಸೇರಿದರು. ಗೇಟಿನ ಕಾವಲುಗಾರ ಫೋನಿನಲ್ಲಿ ಯಾರಿಗೋ ಮಾತಾಡತೊಡಗಿದ. ಒಳಗೆ ಪಾಳಿ ಶುರುವಾಗುವ ಸೈರನ್ ಕೂಗಿತು.

ತಾತ ಅತ್ತಿಗೆಯ ಕಡೆ ಒಮ್ಮೆ ನೋಡಿದ. "ಮಗಳ ಮೂರು ಮಕ್ಕಳಿದ್ದಾವೆ ಅತ್ತಿಗೆ" ಎಂದು, ತಲೆ ತಗ್ಗಿಸಿ ಒಳಗೆ ಹೋದ. ಅವನ ಹಿಂದೆ ಒಬ್ಬರು, ಇಬ್ಬರು, ಆಮೇಲೆ ಹಿಂಡು. ಸೇರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಗಿದರು. ಯಾರನ್ನೂ ಬೈಯಲು ಅತ್ತಿಗೆಗೆ ಬಾಯಿ ಬರಲಿಲ್ಲ.

ಮೂವರಲ್ಲಿ ಹಿರಿಯಳು ಮಾತ್ರ ಮೇಸ್ತ್ರಿಯ ಮುಖದಿಂದ ಕಣ್ಣು ಕೀಳಲಿಲ್ಲ.

"ಹಾಗೆ ಹೇಳುವಾಗ ಅವರು ನಕ್ಕರಾ?" ಎಂದು ಕೇಳಿದಳು.

"ಯಾರು?"

"ಮ್ಯಾನೇಜರ್. ಒಂದೇ ಸಲ ಕೇಳು ಅಂದಾಗ."

"ನಕ್ಕರು."

"ನೀನು?"

"ನಾನೂ."

ಅವಳು ಬೈಯಲಿಲ್ಲ, ಅಳಲಿಲ್ಲ. ಉಳಿದಿಬ್ಬರಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಮೂವರೂ ಗೇಟಿಗೆ ಬೆನ್ನು ಮಾಡಿ ರಸ್ತೆಯ ಅಂಚಿನ ಕಲ್ಲುಗಳ ಮೇಲೆ ಕೂತರು, ಬಿಸಿಲಲ್ಲೇ. ಬಾಗಿಲು ಹಾಕುತ್ತಿದ್ದ ಕಾವಲುಗಾರ, ಬರುವವರು ಈಗಲೇ ಬನ್ನಿ, ಆಮೇಲೆ ಬಂದರೆ ಕೆಲಸ ಇರುವುದಿಲ್ಲ ಎಂದು ಗದರಿದ. ಅವರು ತಿರುಗಿ ನೋಡಲಿಲ್ಲ.

ಅತ್ತಿಗೆ ತನ್ನ ಗಂಟನ್ನು ಅವರ ಪಕ್ಕದಲ್ಲಿ ಇಳಿಸಿದಳು. ಹಿರಿಯಳು ಸರಿದು ಜಾಗ ಮಾಡಿಕೊಟ್ಟಳು. ಮೈದುನ ನಿಂತೇ ಇದ್ದ. ಅವನಿಗೆ ಯಾರೂ ಜಾಗ ಮಾಡಲಿಲ್ಲ, ಯಾರೂ ಹೋಗು ಅನ್ನಲೂ ಇಲ್ಲ. ಕಾರ್ಖಾನೆಯೊಳಗಿಂದ ರೋಲರುಗಳು ತಿರುಗತೊಡಗಿದ ಸದ್ದು ಬಂತು. ಬಾಯಿಗೆ ಇವತ್ತು ಯಾರನ್ನು ಹಾಕಿದರೋ ಎಂದು ಅತ್ತಿಗೆ ಯೋಚಿಸಿದಳು. ತಾತನನ್ನೇ ಹಾಕಿರಬಹುದು.